ಎರಡು ಲಕ್ಷ ಜನರೂ ಇಲ್ಲದಿದ್ದ ನಾಡಿನ ಟಿ.ವಿ.

ಐಸ್‌ಲ್ಯಾಂಡಿನಲ್ಲಿ 1987ರವರೆಗೆ ಗುರುವಾರ ಟಿ.ವಿ. ಇರಲಿಲ್ಲ ಅನ್ನುವುದನ್ನು ಆಗಾಗ ಯಾರಾದರೂ ಹಂಚಿಕೊಳ್ಳುತ್ತಾರೆ. ಎಷ್ಟು ಒಳ್ಳೆ ಜನ, ಮನೆಮಂದಿ ಕೂತು ಮಾತಾಡಲಿ ಅಂತ ಟಿ.ವಿ. ನಿಲ್ಲಿಸಿದರಲ್ಲ ಎಂದು ಕೆಳಗೆ ಕಾಮೆಂಟು ಬೀಳುತ್ತವೆ. ಆದರೆ ಅದು ಮುಖ್ಯವಾಗಿ ಟಿ.ವಿ. ಸಿಬ್ಬಂದಿಯ ರಜಾದಿನ. 1983ರ ತನಕ ಜುಲೈ ತಿಂಗಳು ಪೂರ್ತಿ ಪ್ರಸಾರ ಇರುತ್ತಿರಲಿಲ್ಲ. ನನಗಂತೂ ಆ ಗುರುವಾರಕ್ಕಿಂತ ಉಳಿದ ಆರು ದಿನಗಳ ಕಥೆಯೇ ದೊಡ್ಡದು.

ಅಲ್ಲಿಗೆ ಟಿ.ವಿ. ಮೊದಲು ಬಂದದ್ದು ಇಂಗ್ಲಿಷಿನಲ್ಲಿ. ಕೆಫ್ಲಾವಿಕ್‌ನ ಅಮೆರಿಕನ್ ಸೇನಾನೆಲೆ ತನ್ನ ಸೈನಿಕರಿಗಾಗಿ 1955ರಲ್ಲಿ ಪ್ರಸಾರ ಶುರು ಮಾಡಿತು. ಅರವತ್ತರ ದಶಕದ ಆರಂಭದಲ್ಲಿ ಅದರ ಶಕ್ತಿ ಹೆಚ್ಚಿಸಿದ ಮೇಲೆ ರಾಜಧಾನಿ ರೇಕ್ಯಾವಿಕ್‌ನ ಮನೆಗಳ ಮೇಲೂ ಆಂಟೆನಾ ಎದ್ದವು. ಸ್ವಂತ ಚಾನೆಲ್ ಇಲ್ಲದ ದೇಶದ ಮಕ್ಕಳು ಪರದೇಶದ ಸೈನ್ಯದ ಟಿ.ವಿ. ನೋಡುತ್ತಾ ಬೆಳೆಯತೊಡಗಿದರು. 1964ರಲ್ಲಿ ಅರವತ್ತು ಮಂದಿ ಗಣ್ಯರು ಈ ಪ್ರಸಾರವನ್ನು ನೆಲೆಯೊಳಗಷ್ಟೇ ಉಳಿಸಿ ಎಂದು ಸಂಸತ್ತಿಗೆ ಮನವಿ ಕೊಟ್ಟರು. ನೋಡುವುದು ಬಿಡುವುದು ನಮ್ಮಿಷ್ಟ ಎಂದು ವಾದಿಸಿದವರೂ ಕಡಿಮೆಯಿರಲಿಲ್ಲ.

ಆ ಅರವತ್ತು ಜನರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ತಡೆಯುವುದಷ್ಟೇ ಉತ್ತರವಾಗಿದ್ದರೆ ಅವರು ಸೋಲುತ್ತಿದ್ದರು. ನಿಜವಾದ ಉತ್ತರ ಬಂದದ್ದು 1966ರ ಸೆಪ್ಟೆಂಬರ್ 30ರಂದು, ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಯುವಿ ತನ್ನದೇ ಟಿ.ವಿ. ಆರಂಭಿಸಿದಾಗ. ಆಗ ಇಡೀ ದೇಶದ ಜನಸಂಖ್ಯೆ ಎರಡು ಲಕ್ಷವೂ ಇರಲಿಲ್ಲ. ಮೊದಲು ವಾರಕ್ಕೆ ಎರಡೇ ದಿನ, ಆಮೇಲೆ ಆರು ದಿನ. ಜಾಹೀರಾತಿನ ಲೆಕ್ಕ ಹಾಕಿ ಕೂತಿದ್ದರೆ ಇಷ್ಟು ಸಣ್ಣ ಮಾರುಕಟ್ಟೆಯಲ್ಲಿ ಯಾರೂ ಕೈ ಹಾಕುತ್ತಿರಲಿಲ್ಲ. ಅವರು ಟಿ.ವಿ. ಇಟ್ಟುಕೊಂಡವರ ಮೇಲೆ ಲೈಸೆನ್ಸ್ ಶುಲ್ಕ ಹಾಕಿದರು, ಹೊರಗಿಂದ ತರಿಸುವ ಟಿ.ವಿ. ಸೆಟ್ಟುಗಳ ಆಮದು ಸುಂಕವನ್ನೂ ಇದಕ್ಕೇ ಬಳಸಿದರು. ಅದೇ ವರ್ಷ ಶುರುವಾದ ಮಕ್ಕಳ ಕಾರ್ಯಕ್ರಮ ‘ಸ್ಟುಂಡಿನ್ ಓಕ್ಕರ್’ ದಶಕಗಟ್ಟಲೆ ನಡೆಯಿತು. ಡಿಸೆಂಬರ್ 31ರ ರಾತ್ರಿ ವರ್ಷದ ಘಟನೆಗಳನ್ನೆಲ್ಲ ಗೇಲಿ ಮಾಡುವ ಕಾರ್ಯಕ್ರಮಕ್ಕೆ ಇಂದಿಗೂ ಊರಿಗೆ ಊರೇ ಟಿ.ವಿ. ಮುಂದೆ ಕೂರುತ್ತದೆ.

1986ರಲ್ಲಿ ಆರ್‌ಯುವಿಯ ಏಕಸ್ವಾಮ್ಯ ಮುಗಿದು ‘ಸ್ಟೋಥ್ 2’ ಎಂಬ ಖಾಸಗಿ ಚಾನೆಲ್ ಬಂತು. ಪೈಪೋಟಿಗೆ ಗುರುವಾರದ ರಜೆಯೂ ಹೋಯಿತು. ಆದರೆ ಒಂದು ನಿಯಮ ಗಟ್ಟಿಯಾಗಿ ನಿಂತಿತು: ಪರಭಾಷೆಯ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಐಸ್‌ಲ್ಯಾಂಡಿಕ್ ಸಬ್‌ಟೈಟಲ್ ಅಥವಾ ಐಸ್‌ಲ್ಯಾಂಡಿಕ್ ದನಿ ಇರಬೇಕು. ಖಾಸಗಿಯವರಿಗೂ ವಿನಾಯಿತಿ ಇಲ್ಲ. ನನಗೆ ಅತ್ಯಂತ ಇಷ್ಟವಾದ ನಿಯಮ ಇದೇ. ಹೊರಗಿನ ಸಿನಿಮಾ ಬೇಡ ಅನ್ನಲಿಲ್ಲ, ಬರುವಾಗ ನಮ್ಮ ಭಾಷೆಯಲ್ಲಿ ಬಾ ಅಂದರು.

ಈಗಿನ ತಲೆಮಾರಿಗೆ ಎದುರಾಗಿರುವುದು ಕೆಫ್ಲಾವಿಕ್‌ಗಿಂತ ಎಷ್ಟೋ ಪಟ್ಟು ದೊಡ್ಡ ಸವಾಲು. ಮಕ್ಕಳ ಕೈಯಲ್ಲಿರುವ ಯೂಟ್ಯೂಬು, ನೆಟ್‌ಫ್ಲಿಕ್ಸುಗಳು ರೇಕ್ಯಾವಿಕ್‌ನ ಕಚೇರಿಗಳ ಮಾತು ಸುಲಭಕ್ಕೆ ಕೇಳುವುದಿಲ್ಲ. ಆದರೂ 2021ರಲ್ಲಿ ಅಲ್ಲಿನ ಸಂಸ್ಕೃತಿ ಸಚಿವೆ ಲಿಲ್ಯಾ ಆಲ್ಫ್ರೆಡ್ಸ್‌ಡೊಟ್ಟಿರ್ ನೇರವಾಗಿ ಡಿಸ್ನಿಯ ಮುಖ್ಯಸ್ಥರಿಗೇ ಪತ್ರ ಬರೆದರು. ಚಿತ್ರಮಂದಿರಗಳಿಗೆಂದು ಐಸ್‌ಲ್ಯಾಂಡಿಕ್‌ಗೆ ಡಬ್ ಆದ ಎಷ್ಟೋ ಡಿಸ್ನಿ ಚಿತ್ರಗಳು ಆಗಲೇ ಇದ್ದವು, ಡಿಸ್ನಿ ಪ್ಲಸ್‌ನಲ್ಲಿ ಮಾತ್ರ ಆ ದನಿ ಸಿಗುತ್ತಿರಲಿಲ್ಲ. ಅದನ್ನು ಸೇರಿಸಿ ಎಂದು ಕೇಳಿದರು. ಡಿಸ್ನಿ ಒಪ್ಪಿತು.