ತಿಂಡಿ ಆಯಿತಾ ಸರ್?

ಸಿಇಟಿ ಕೈಕೊಟ್ಟರೆ ಇರಲಿ ಎಂದು ಬೆಂಗಳೂರಿನ ಹೊರವಲಯದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮಗಳಿಗಾಗಿ ಮ್ಯಾನೇಜ್‌ಮೆಂಟ್ ಕೋಟಾದ ಕಂಪ್ಯೂಟರ್ ಸೈನ್ಸ್ ಸೀಟಿಗೆ ಮುಂಗಡ ಕಟ್ಟಿ ಬಂದೆ. ಅಂದಿನಿಂದ ನನ್ನ ಯೋಗಕ್ಷೇಮದ ಭಾರವನ್ನು ಆ ಕಾಲೇಜೇ ಹೊತ್ತುಕೊಂಡಿತು.

ಬೆಳಗ್ಗೆ ಒಂಬತ್ತೂವರೆಗೆ ಫೋನು. "ಸರ್, ತಿಂಡಿ ಆಯಿತಾ?" ಹೆಂಡತಿ ಕೂಡ ಇಷ್ಟು ನಿಷ್ಠೆಯಿಂದ ಕೇಳಿದವಳಲ್ಲ. ಕೇಳುತ್ತಿದ್ದವರು ಮೆಕ್ಯಾನಿಕಲ್ ವಿಭಾಗದ ಪ್ರಾಧ್ಯಾಪಕರು, ಪಿಎಚ್‌ಡಿ ಪಡೆದವರು. ಅವರ ವಿಭಾಗಕ್ಕೆ ಮಕ್ಕಳೇ ಬರುತ್ತಿಲ್ಲವಾದ್ದರಿಂದ ಮುಂಗಡ ಕಟ್ಟಿದವರ ಪಟ್ಟಿಯನ್ನು ಅವರ ಕೈಗಿಟ್ಟು, ಒಬ್ಬರೂ ಜಾರಿಹೋಗದಂತೆ ಕಾಯಲು ಆಡಳಿತ ಮಂಡಳಿ ಹೇಳಿತ್ತು. ಥರ್ಮೊಡೈನಮಿಕ್ಸ್, ಅಂದರೆ ಶಾಖದ ಶಾಸ್ತ್ರ, ಕಲಿಸಬೇಕಾದವರು ನಮ್ಮ ಉತ್ಸಾಹ ಆರಿಹೋಗದಂತೆ ನೋಡಿಕೊಳ್ಳುತ್ತಿದ್ದರು. ಒಂದು ಲೆಕ್ಕದಲ್ಲಿ ಅದೂ ಅವರ ವಿಷಯವೇ.

ಆಷಾಢ ಬಂತು. ತವರಿಗೆ ಹೋದ ಹೊಸ ಹೆಂಡತಿಗೆ ಗಂಡನೂ ಅಷ್ಟು ಸಲ ಫೋನು ಮಾಡಲಾರ. ನನ್ನ ಬಿಪಿ ಮಾತ್ರೆಯ ಹೆಸರು, ಹಿಂದಿನ ಕೋಣೆಯ ಸೂರು ಸೋರುವುದು, ಎಲ್ಲವೂ ಅವರಿಗೆ ಬಾಯಿಪಾಠವಾಯಿತು. ಕಾಲೇಜಿನ ಮುದ್ರೆಯಿದ್ದ ಬ್ಯಾಗು ಬಂತು. ಮಗಳ ಹುಟ್ಟುಹಬ್ಬಕ್ಕೆ ವಾಟ್ಸ್ಆ್ಯಪ್‌ನಲ್ಲಿ ಕೇಕಿನ ಚಿತ್ರ ಬಂತು. ಆನ್‌ಲೈನ್ ಬ್ರಿಡ್ಜ್ ಕೋರ್ಸೂ ಆರಂಭವಾಯಿತು. ಮೊದಲ ಮೂರು ದಿನ ಗಣಿತದ ಸುಳಿವಿಲ್ಲ, ಬರೀ ಪ್ಲೇಸ್‌ಮೆಂಟ್ ಪಡೆದವರ ಭಾವಚಿತ್ರಗಳು.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚಿದ ದಿನ ಮಾತ್ರ ತಿಂಡಿಯ ವಿಚಾರಣೆ ಇರಲಿಲ್ಲ. ಪ್ರಾಧಿಕಾರ ಕೊಡುವ ಆಯ್ಕೆಗಳು ನಾಲ್ಕು: ಸೀಟು ಒಪ್ಪಿ ಸೇರುವುದು, ಒಪ್ಪಿಕೊಂಡೇ ಮುಂದಿನ ಸುತ್ತಿಗೆ ಕಾಯುವುದು, ಬೇಡವೆಂದು ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿ ಹೊರಬರುವುದು. ನಾಲ್ಕನೆಯದರ ಮಹಿಮೆಯನ್ನು ಪ್ರಾಧ್ಯಾಪಕರು ಅರ್ಧ ಗಂಟೆ ಬಣ್ಣಿಸಿದರು. ಅವರ ದನಿಯಲ್ಲಿ ವೈರಾಗ್ಯವೇ ತುಂಬಿತ್ತು.

ನನಗೂ ಸ್ವಲ್ಪ ಕೆಣಕುವ ಮನಸ್ಸಾಯಿತು. ಮೂಲ ಅಂಕಪಟ್ಟಿಗಳನ್ನು ಪರಿಶೀಲಿಸಿ ಹಿಂತಿರುಗಿಸಬೇಕು, ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ತರಗತಿ ಶುರುವಾಗುವ ಮುನ್ನ ಸೀಟು ಬಿಟ್ಟರೆ ಹೆಚ್ಚೆಂದರೆ 1,000 ರೂಪಾಯಿ ಮುರಿದುಕೊಂಡು ಉಳಿದದ್ದನ್ನು ಮರಳಿಸಬೇಕು ಎನ್ನುತ್ತದೆ ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ. ಇದನ್ನೆಲ್ಲ ಒಪ್ಪಿಸಿ, "ಮಗಳ ಅಂಕಪಟ್ಟಿ ನಿಮ್ಮಲ್ಲೇ ಇದೆಯಲ್ಲ ಸರ್?" ಎಂದೆ.

"ಇಟ್ಟುಕೊಂಡಿಲ್ಲ ಸರ್, ಜೋಪಾನ ಮಾಡಿದ್ದೇವೆ. ನಿಮ್ಮ ಮನೆ ಸೋರುತ್ತದಲ್ಲ!"

ಸರ್ಕಾರಿ ಸೀಟು ನಾವು ಬಯಸಿದ ಕಡೆ ಸಿಗಲಿಲ್ಲ. ಪೂರ್ತಿ ಶುಲ್ಕ ಕಟ್ಟಿದೆ, ಮಗಳು ಅಲ್ಲೇ ಸೇರಿದಳು. ಮರುದಿನ ಒಂಬತ್ತೂವರೆಗೆ ಫೋನಿನ ಪಕ್ಕವೇ ಕುಳಿತಿದ್ದೆ. ಅದು ಸದ್ದು ಮಾಡಲಿಲ್ಲ. ಅಂದು ಇಡ್ಲಿ ಗಂಟಲಲ್ಲಿ ಇಳಿಯಲಿಲ್ಲ ಎಂದರೆ ನಂಬಬೇಕು.

ಮೂರನೆಯ ವಾರ ಮಗಳು ಹಾಸ್ಟೆಲಿನಿಂದ ಅಳುತ್ತಾ ಫೋನು ಮಾಡಿದಳು. "ಅಪ್ಪಾ, ಎರಡು ದಿನದಿಂದ ನೀರಿಲ್ಲ. ವಾರ್ಡನ್ ಕೇಳಿಸಿಕೊಳ್ಳುವುದೇ ಇಲ್ಲ." ಆಪದ್ಬಾಂಧವರು ನೆನಪಾದರು. ನಾಲ್ಕು ಸಲ ಪ್ರಯತ್ನಿಸಿದೆ, ಎತ್ತಲಿಲ್ಲ. ಹೆಂಡತಿಯ ಮೊಬೈಲಿನಿಂದ ಮಾಡಿದಾಗ ಮೊದಲ ರಿಂಗಿಗೇ ಎತ್ತಿದರು.

"ನಮಸ್ಕಾರ ಸರ್, ತಿಂಡಿ ಆಯಿತಾ? ಮಗು ಈಗ ಎರಡನೇ ಪಿಯುಸಿಯಾ?"

"ನನ್ನ ಮಗಳು ನಿಮ್ಮ ಕಾಲೇಜಿನಲ್ಲೇ ಇದ್ದಾಳೆ ಸರ್. ಸೇರಿ ಮೂರು ವಾರವಾಯಿತು."

ಆ ಕಡೆ ಒಂದು ಕ್ಷಣ ಮೌನ.

"ಹಾಗಾದರೆ ಚಿಕ್ಕವರು ಯಾರಾದರೂ ಇದ್ದಾರಾ ಸರ್?"