ಹಾಲಿಗೆ ದಿನಕ್ಕೆರಡು ಪರೀಕ್ಷೆ, ಮೇವಿಗೆ ಒಂದೂ ಇಲ್ಲ

ನಮ್ಮ ಕಡೆ ಡೈರಿಗೆ ಹಾಲು ಹಾಕುವ ಯಾರನ್ನೇ ಕೇಳಿ, ಇವತ್ತು ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) ಎಷ್ಟು ಬಂತು ಅಂತ ಥಟ್ಟನೆ ಹೇಳುತ್ತಾರೆ. ಪಾಯಿಂಟ್ ಒಂದು ಕಡಿಮೆ ಬಂದರೂ ಕಾರ್ಯದರ್ಶಿ ಜೊತೆ ಜಗಳ. ಅದೇ ಮನುಷ್ಯನನ್ನು, ನಿಮ್ಮ ಹಸು ತಿನ್ನುವ ಮೇವಿನಲ್ಲಿ ನೂರಕ್ಕೆ ಎಷ್ಟು ಅದಕ್ಕೆ ಅರಗುತ್ತದೆ ಅಂತ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ. ಅವರ ತಪ್ಪಲ್ಲ. ಯಾರೂ ಅವರಿಗೆ ಆ ಲೆಕ್ಕ ಕೊಟ್ಟೇ ಇಲ್ಲ.

ನಾನು ಪಶುವೈದ್ಯನಲ್ಲ. ಐರ್ಲೆಂಡಿನ ಕಾರ್ಕ್ ಕಡೆ ಔಷಧ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸ. ಆದರೆ ಮನೆ ಇರುವುದು ಹಳ್ಳಿಗಾಡಿನಲ್ಲಿ, ಸುತ್ತ ಇರುವವರೆಲ್ಲ ಹಸು ಸಾಕುವವರು. ಅತ್ತ ತುಮಕೂರು ಜಿಲ್ಲೆಯ ಊರಿನಲ್ಲಿ ನನ್ನ ತಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್) ತಳಿಯ ಹಸು ಕಟ್ಟಿದ್ದಾನೆ. ಫೋನ್ ಮಾಡಿದಾಗೆಲ್ಲ ಹಾಲು, ಹಿಂಡಿ, ಬೂಸಾದ ರೇಟು, ಇದೇ ಮಾತು. ಹಾಗಾಗಿ ಎರಡೂ ಕಡೆಯ ಲೆಕ್ಕ ತಲೆಯಲ್ಲಿ ಅಕ್ಕಪಕ್ಕ ಕೂತುಬಿಟ್ಟಿದೆ.

ಐರ್ಲೆಂಡಿನ ಪದ್ಧತಿ ಹೀಗೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಹಸುಗಳು ಕರು ಹಾಕುತ್ತವೆ, ಅಲ್ಲಿಂದ ನವೆಂಬರ್‌ವರೆಗೆ ಹೊರಗೆ ಮೇಯುತ್ತವೆ. ಚಳಿಗಾಲದಲ್ಲಿ ಹುಲ್ಲು ಬೆಳೆಯುವುದಿಲ್ಲ, ನೆಲ ಕೆಸರು, ಆಗ ಕೊಟ್ಟಿಗೆಯೊಳಗೆ ರಸಮೇವು, ಅಂದರೆ ಹಸಿ ಮೇವನ್ನು ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಸೈಲೇಜ್. ಆ ರಸಮೇವಿಗೆ ಹುಲ್ಲು ಕೊಯ್ಯುವುದು ಮೇ ಕೊನೆಯಲ್ಲಿ, ಜುಲೈಯಲ್ಲಿ ಎರಡನೇ ಕೊಯ್ಲು. ಎಲ್ಲರ ಕೈಯಲ್ಲೂ ಒಂದು ಸಂಖ್ಯೆ ಇರುತ್ತದೆ. ಡಿಎಂಡಿ ಅಂತಾರೆ. ಮೇವಿನ ನೀರನ್ನೆಲ್ಲ ತೆಗೆದ ಮೇಲೆ ಉಳಿಯುವ ಒಣ ಭಾಗದಲ್ಲಿ ನೂರಕ್ಕೆ ಎಷ್ಟು ಅರಗುತ್ತದೆ ಅನ್ನುವ ಲೆಕ್ಕ. 75 ಅಂದರೆ ಮುಕ್ಕಾಲು ಪಾಲು ಹಸುವಿಗೆ, ಕಾಲು ಪಾಲು ಸಗಣಿಗೆ. ಹಾಲು ಕರೆಯುವ ಹಸುವಿಗೆ 70ರ ಮೇಲೆ ಇರಬೇಕು, ಹಾಲು ಬತ್ತಿದ ಗಬ್ಬದ ಹಸುವಿಗೆ 66, 68 ಇದ್ದರೆ ಸಾಕು. ಜಾಸ್ತಿ ಒಳ್ಳೆಯದು ಹಾಕಿದರೆ ಅದು ಕೊಬ್ಬಿ, ಕರು ಹಾಕುವಾಗ ತೊಂದರೆ. ಅಂದರೆ ಕಳಪೆ ಮೇವಿಗೂ ಇಲ್ಲಿ ಒಂದು ಜಾಗ ಇದೆ, ಯಾವ ಹಸುವಿಗೆ ಹಾಕಬೇಕು ಅಂತ ಗೊತ್ತಿದ್ದರೆ.

ಹುಲ್ಲು ತೆನೆಗೆ ಬಂದ ಮೇಲೆ ಕೊಯ್ಯಲು ಒಂದು ವಾರ ತಡ ಮಾಡಿದರೆ ಆ ಸಂಖ್ಯೆ ಸುಮಾರು ಮೂರು ಅಂಕ ಬೀಳುತ್ತದೆ. ತೂಕ ಮಾತ್ರ ಏರುತ್ತದೆ. ಇದೇ ಇಡೀ ವಿಷಯದ ತಿರುಳು. ಹುಲ್ಲು ಬಲಿತಾಗ ಅದರ ನಾರಿಗೆ ಲಿಗ್ನಿನ್ ಅನ್ನುವ, ಕಟ್ಟಿಗೆಯ ಹಾಗೆ ಗಟ್ಟಿ ಮಾಡುವ ವಸ್ತು ಅಂಟಿಕೊಳ್ಳುತ್ತದೆ, ಆಮೇಲೆ ಹಸುವಿನ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಎಷ್ಟೇ ಕಷ್ಟಪಟ್ಟರೂ ಆ ನಾರನ್ನು ಪೂರ್ತಿ ಒಡೆಯಲು ಆಗುವುದಿಲ್ಲ. ನಾರು ಹೊಟ್ಟೆಯಲ್ಲೇ ಜಾಸ್ತಿ ಹೊತ್ತು ಕೂತಿರುತ್ತದೆ, ಹೊಟ್ಟೆ ತುಂಬಿದ ಹಾಗಿರುತ್ತದೆ, ಹಸು ಇನ್ನಷ್ಟು ತಿನ್ನುವುದಿಲ್ಲ. ಕಳಪೆ ಮೇವಿನಿಂದ ಎರಡು ಕಡೆ ಹೊಡೆತ: ತಿಂದದ್ದರಲ್ಲಿ ಅರಗುವುದು ಕಡಿಮೆ, ತಿನ್ನುವುದೂ ಕಡಿಮೆ. ಆ ಕೊರತೆ ತುಂಬಲು ಚೀಲದ ಫೀಡು. ದುಡ್ಡು ಹೋಗುವುದು ಅಲ್ಲೇ.

ಈ ಅರಗುವ ಲೆಕ್ಕವನ್ನು ಹಸುವೇ ಇಲ್ಲದೆ ತೆಗೆಯುವುದು ಹೇಗೆ ಅನ್ನುವುದು ಒಂದು ಕಾಲಕ್ಕೆ ದೊಡ್ಡ ಪ್ರಶ್ನೆಯಾಗಿತ್ತು. 1963ರಲ್ಲಿ ಇಂಗ್ಲೆಂಡಿನ ಹರ್ಲಿಯಲ್ಲಿದ್ದ ಹುಲ್ಲುಗಾವಲು ಸಂಶೋಧನಾ ಸಂಸ್ಥೆಯ ಟಿಲ್ಲಿ ಮತ್ತು ಟೆರ್ರಿ ಒಂದು ದಾರಿ ಹೇಳಿದರು. ಪುಡಿ ಮಾಡಿದ ಮೇವನ್ನು ಗಾಜಿನ ನಳಿಕೆಗೆ ಹಾಕಿ, ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಿಂದ ತೆಗೆದ ರಸ ಸೇರಿಸಿ, 38 ಡಿಗ್ರಿಯಲ್ಲಿ 48 ಗಂಟೆ ಇಡುವುದು. ಆಮೇಲೆ ಇನ್ನು 48 ಗಂಟೆ ಪೆಪ್ಸಿನ್ (ಪ್ರೋಟೀನು ಅರಗಿಸುವ ಕಿಣ್ವ) ಮತ್ತು ಆಮ್ಲ. ಉಳಿದದ್ದನ್ನು ತೂಗಿದರೆ ಅರಗದ ಭಾಗ ಎಷ್ಟು ಅಂತ ಸಿಗುತ್ತದೆ. ಇವತ್ತು ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಬೆಳಕು ಹಾಯಿಸಿ ಕೆಲವೇ ನಿಮಿಷದಲ್ಲಿ ಓದುವ ಯಂತ್ರ ಇದೆ, ಆದರೆ ಆ ಯಂತ್ರಕ್ಕೆ ಪಾಠ ಹೇಳಿಕೊಟ್ಟಿದ್ದು ಇಂಥ ಹಳೆಯ ನಳಿಕೆಯ ಲೆಕ್ಕಗಳೇ. ಅಂದ ಹಾಗೆ, ಮೇವು ಕೆಡದಂತೆ ಇಡುವ ವಿಧಾನಕ್ಕೆ ನೊಬೆಲ್ ಕೂಡ ಬಂದಿದೆ, ಗೊತ್ತಾ? ಫಿನ್ಲೆಂಡಿನ ವಿರ್ಟಾನೆನ್, 1945, ರಸಾಯನಶಾಸ್ತ್ರ. ಹಸಿ ಮೇವಿಗೆ ಆಮ್ಲ ಬೆರೆಸಿ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಇಳಿದಷ್ಟೂ ಹುಳಿ ಜಾಸ್ತಿ) ನಾಲ್ಕಕ್ಕಿಂತ ಕೆಳಗಿಳಿಸಿದರೆ ಕೆಡಿಸುವ ಜೀವಿಗಳು ಸುಮ್ಮನಾಗುತ್ತವೆ ಅಂತ ತೋರಿಸಿದವರು.

ಸಾಧಾರಣವಾಗಿ ಆ ಆಮ್ಲವನ್ನು ನಾವು ಸುರಿಯಬೇಕಾಗಿಲ್ಲ. ಗಾಳಿ ಹೊರಗೆ ಹೋಗುವ ಹಾಗೆ ತುಳಿದು ಮುಚ್ಚಿದರೆ, ಹುಲ್ಲಿನಲ್ಲಿ ಸಕ್ಕರೆ ಇದ್ದರೆ, ಮೊಸರು ಮಾಡುವ ಜಾತಿಯ ಬ್ಯಾಕ್ಟೀರಿಯಾಗಳೇ ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಹುಲ್ಲು ತೀರಾ ಒದ್ದೆ ಇದ್ದರೆ, ಮಣ್ಣು ಸೇರಿದ್ದರೆ ಮೇವು ಕೆಡಿಸುವ ಕ್ಲಾಸ್ಟ್ರಿಡಿಯಾ ಬ್ಯಾಕ್ಟೀರಿಯಾಗಳದ್ದೇ ಮೇಲುಗೈ. ಆಗ ಹಳಸಿದ ಬೆಣ್ಣೆಯ ನಾತ, ಜೊತೆಗೆ ಅಮೋನಿಯಾ. ಐರ್ಲೆಂಡಿನ ಪರೀಕ್ಷಾ ವರದಿಯಲ್ಲಿ ಡಿಎಂಡಿ ಜೊತೆಗೆ ಒಣ ಅಂಶ, ಪ್ರೋಟೀನು, ಪಿಎಚ್, ಅಮೋನಿಯಾ ಎಲ್ಲವೂ ಇರುತ್ತದೆ. ಅಮೋನಿಯಾ ಯಾಕೆ ಮುಖ್ಯ ಅಂದರೆ, ಪ್ರೋಟೀನು ಎಷ್ಟು ಒಡೆದಿದೆ ಅಂತ ಅದು ಹೇಳುತ್ತದೆ. ಒಳ್ಳೆಯ ರಸಮೇವಿನಲ್ಲೂ ಪ್ರೋಟೀನಿನ ದೊಡ್ಡ ಭಾಗ ಮೊದಲೇ ಒಡೆದು ಹೋಗಿರುತ್ತದೆ, ಸಕ್ಕರೆಯನ್ನು ಬ್ಯಾಕ್ಟೀರಿಯಾ ತಿಂದು ಮುಗಿಸಿರುತ್ತವೆ. ಹಸುವಿನ ಹೊಟ್ಟೆಯಲ್ಲಿ ಆ ಪ್ರೋಟೀನಿನ ಸಾರಜನಕ ಒಮ್ಮೆಲೇ ಬಿಡುಗಡೆಯಾಗುತ್ತದೆ, ಅದನ್ನು ಬಳಸಿಕೊಳ್ಳಲು ಅಲ್ಲಿನ ಸೂಕ್ಷ್ಮಜೀವಿಗಳಿಗೆ ಶಕ್ತಿ ಸಾಲದು. ಮಿಕ್ಕಿದ್ದು ರಕ್ತಕ್ಕೆ, ಅಲ್ಲಿಂದ ಯಕೃತ್ತಿಗೆ, ಕೊನೆಗೆ ಗಂಜಲಕ್ಕೆ. ರೈತ ದುಡ್ಡು ಕೊಟ್ಟ ಪ್ರೋಟೀನು ಚರಂಡಿಗೆ. ಮೇಯುವ ಹಸಿ ಹುಲ್ಲಿನಲ್ಲೂ ಇದೇ ಸಮಸ್ಯೆ ಸ್ವಲ್ಪ ಮಟ್ಟಿಗೆ ಇದೆ, ಅದಕ್ಕೇ ವೇಲ್ಸಿನ ಅಬೆರಿಸ್ಟ್‌ವಿತ್‌ನಲ್ಲಿ ಸಕ್ಕರೆ ಜಾಸ್ತಿ ಇರುವ ರೈಗ್ರಾಸ್ (ಇಲ್ಲಿ ಹಸು ಮೇಯುವ ಹುಲ್ಲು) ತಳಿಗಳನ್ನು ಬೆಳೆಸಿದ್ದು.

ಐರ್ಲೆಂಡಿನವರನ್ನು ಸುಮ್ನೆ ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಇಷ್ಟೆಲ್ಲ ಲೆಕ್ಕ ಇದ್ದೂ 2013ರ ವಸಂತದಲ್ಲಿ ಈ ಹಸಿರು ದೇಶಕ್ಕೆ ಮೇವು ಸಾಲದೆ ಫ್ರಾನ್ಸಿನಿಂದ ತರಿಸಿದರು. 2018ರಲ್ಲಿ ಮಾರ್ಚ್‌ನಲ್ಲಿ ಹಿಮ, ಬೇಸಿಗೆಯಲ್ಲಿ ಬರ, ಮತ್ತೆ ಅದೇ ಪಾಡು. ರಸಮೇವಿಗೆ ಮೈಲಿಗಟ್ಟಲೆ ಪ್ಲಾಸ್ಟಿಕ್ ಸುತ್ತುತ್ತಾರೆ. ರಸಮೇವಿನ ಗುಂಡಿಯಿಂದ ಸೋರುವ ರಸ ಹಳ್ಳಕ್ಕೆ ಸೇರಿದರೆ ಮೀನು ಸಾಯುತ್ತವೆ, ಅದಕ್ಕೆ ಬಿಗಿ ಕಾನೂನು ಬೇರೆ. ಸುಮ್ನೆ ಒಂದು ಮಾತು: ನಮ್ಮ ರಾಗಿ ಹುಲ್ಲಿನ ಮೆದೆಯನ್ನು ಇಲ್ಲಿನವರಿಗೆ ಫೋಟೋದಲ್ಲಿ ತೋರಿಸಿದಾಗ ನಂಬಲಿಲ್ಲ. ಪ್ಲಾಸ್ಟಿಕ್ ಇಲ್ಲದೆ, ಬರೀ ಒಟ್ಟುವ ಕೈಚಳಕದಿಂದ, ಒಳಗೆ ನೀರಿಳಿಯದ ಹಾಗೆ, ವರ್ಷ ಕಳೆದರೂ ಕೆಡದ ಮೇವು. ಅದೂ ಭತ್ತದ ಹುಲ್ಲಿಗಿಂತ ಚೆನ್ನಾಗಿ ಅರಗುವ ಮೇವು. ಇಲ್ಲಿನ ಮಳೆಯಲ್ಲಿ ಅದು ಆಗದ ಮಾತು, ಹಾಗಾಗಿಯೇ ಇವರು ರಸಮೇವಿನ ದಾರಿ ಹಿಡಿದದ್ದು.

ಹಾಗಾಗಿ ಐರ್ಲೆಂಡಿನ ಹುಲ್ಲನ್ನು ಊರಿಗೆ ತನ್ನಿ ಅಂತ ನಾನು ಹೇಳುವುದಿಲ್ಲ. ರೈಗ್ರಾಸಿಗೆ ತಂಪು ಬೇಕು, ಸದಾ ಜಿನುಗುವ ಮಳೆ ಬೇಕು. ನಮ್ಮಲ್ಲಿ ಮೇಯಿಸಲು ಗೋಮಾಳ ಎಲ್ಲಿ ಉಳಿದಿದೆ ಹೇಳಿ. ನಮ್ಮ ರಸಮೇವು ಮುಸುಕಿನ ಜೋಳದ್ದು, ಅದೇ ಸರಿ ಕೂಡ. ಜೋಳದಲ್ಲಿ ಸಕ್ಕರೆ ಬೇಕಾದಷ್ಟು ಇರುವುದರಿಂದ ಹುಳಿ ಚೆನ್ನಾಗಿ ಕೂರುತ್ತದೆ, ಕಾಳಿನ ಪಿಷ್ಟದಿಂದ ಹಸುವಿಗೆ ಶಕ್ತಿ ಸಿಗುತ್ತದೆ, ಪ್ರೋಟೀನು ಮಾತ್ರ ಕಡಿಮೆ, ಅದಕ್ಕೆ ಅಲಸಂದೆಯೋ ಕುದುರೆ ಮಸಾಲೆ ಸೊಪ್ಪೋ ಹಿಂಡಿಯೋ ಜೊತೆಗಿರಬೇಕು.

ನನ್ನ ಸಿಟ್ಟು ಬೇರೆಯದರ ಮೇಲೆ. ಈಗ ಊರಲ್ಲಿ ರಸಮೇವು ಚೀಲದಲ್ಲಿ ಬರುತ್ತದೆ, ಕೆಜಿ ಲೆಕ್ಕ. ಕೆಜಿಗೆ 8 ರೂಪಾಯಿ ಅಂತಿಟ್ಟುಕೊಳ್ಳಿ. ಒಣ ಅಂಶ 30 ಪರ್ಸೆಂಟ್ ಇದ್ದರೆ ಒಂದು ಕೆಜಿ ನಿಜವಾದ ಮೇವಿಗೆ ನೀವು ಕೊಟ್ಟಿದ್ದು ಹೆಚ್ಚುಕಡಿಮೆ 27 ರೂಪಾಯಿ. ಎಳೆಯದಿದ್ದಾಗಲೇ ಕೊಯ್ದು, 22 ಪರ್ಸೆಂಟ್ ಇದ್ದರೆ 36 ರೂಪಾಯಿ ದಾಟಿತು. ಅದೇ ಚೀಲ, ಅದೇ ರೇಟು. ಮಧ್ಯದ ಒಂಬತ್ತು ರೂಪಾಯಿಗೆ ನೀವು ತಂದದ್ದು ನೀರು. ಹಾಲಿಗೆ ನೀರು ಬೆರೆಸಿದರೆ ಸಂಘದಲ್ಲಿ ಮಾನ ಹೋಗುತ್ತದೆ, ಮೇವಿನಲ್ಲಿ ನೀರು ಮಾರಿದರೆ ಅದು ವ್ಯಾಪಾರ. ತೆನೆ ಮುರಿದುಕೊಂಡು ಬರೀ ದಂಟು ತುಂಬಿದ್ದರೂ ಚೀಲದ ಹೊರಗಿನಿಂದ ಗೊತ್ತಾಗುವುದಿಲ್ಲ. ತಮ್ಮ ಒಮ್ಮೆ ತಂದ ಚೀಲಗಳಲ್ಲಿ ಕೆಳಗಡೆ ಕಪ್ಪು ಬೂಸ್ಟು. ಇಲಿ ಕಚ್ಚಿದ್ದೋ, ತುಂಬುವಾಗಲೇ ಗಾಳಿ ಉಳಿದಿದ್ದೋ. ಮಾರಿದವನು ನಿಮ್ಮ ಕೊಟ್ಟಿಗೆಯಲ್ಲೇ ಆಗಿದ್ದು ಅಂದ. ಚೀಟಿ ಇಲ್ಲ, ಪರೀಕ್ಷೆ ಇಲ್ಲ, ಏನಂತ ವಾದ ಮಾಡುವುದು?

ಪ್ರಯೋಗಾಲಯ ದೂರ ಇದ್ದರೂ ಮನೆಯಲ್ಲೇ ಮಾಡಬಹುದಾದದ್ದು ಸ್ವಲ್ಪ ಇದೆ, ತಮ್ಮನಿಗೂ ಇದನ್ನೇ ಹೇಳಿದ್ದು. ಸಣ್ಣಗೆ ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ರಸ ತೊಟ್ಟಿಕ್ಕಿದರೆ ಒಣ ಅಂಶ 25ಕ್ಕಿಂತ ಕಡಿಮೆ. ಕೈ ಬಿಟ್ಟಾಗ ಉಂಡೆ ಮೆಲ್ಲಗೆ ಬಿಚ್ಚಿಕೊಂಡು ಕೈ ಸ್ವಲ್ಪ ತೇವ ಆಗಿದ್ದರೆ 30ರ ಆಸುಪಾಸು. ಪಿಎಚ್ ಕಾಗದ ಹೆಚ್ಚು ಬೆಲೆಯದಲ್ಲ, ಜೋಳದ ರಸಮೇವಿಗೆ 4.2ರ ಒಳಗೆ ಬರಬೇಕು. ಸಿಹಿ ಹುಳಿ ವಾಸನೆ ಇದ್ದರೆ ಸರಿ. ಕೈ ಇಟ್ಟಾಗ ಬಿಸಿ ಅನ್ನಿಸಿದರೆ ಗಾಳಿ ಹೊಕ್ಕಿದೆ ಅಂತ ಅರ್ಥ, ಬೇಗ ಖಾಲಿ ಮಾಡಿ. ಬೂಸ್ಟು ಬಂದದ್ದನ್ನು ಮಾತ್ರ ಅಯ್ಯೋ ಅಂತ ಹಸುವಿಗೆ ಹಾಕಲೇಬೇಡಿ. ಕೆಲವು ಬೂಸ್ಟಿನ ವಿಷ ಹಾಲಿಗೂ ಇಳಿಯುತ್ತದೆ.

ಇನ್ನು ಒಣ ಹುಲ್ಲನ್ನೇ ನಂಬಿದವರಿಗೂ ದಾರಿ ಇದೆ. 100 ಕೆಜಿ ಭತ್ತದ ಹುಲ್ಲಿಗೆ 4 ಕೆಜಿ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಚಿಮುಕಿಸಿ, ಒತ್ತಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಡುವುದು. ಬಿಡುಗಡೆಯಾಗುವ ಅಮೋನಿಯಾ ನಾರನ್ನು ಸಡಿಲಿಸುತ್ತದೆ. ಆರು ತಿಂಗಳೊಳಗಿನ ಕರುವಿಗೆ ಇದು ಬೇಡ. ಈ ವಿದ್ಯೆ ನಮ್ಮಲ್ಲಿ ದಶಕಗಳಿಂದ ಇದೆ, ಎಷ್ಟು ಕೊಟ್ಟಿಗೆಯಲ್ಲಿ ಕಂಡಿದ್ದೀರಿ? ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ 1995ರಿಂದ ಬೆಂಗಳೂರಿನ ಆಡುಗೋಡಿಯಲ್ಲೇ ಇದೆ, ನಮ್ಮ ಹುಲ್ಲು, ನಮ್ಮ ಹಿಂಡಿಯನ್ನೇ ಪರೀಕ್ಷಿಸುವ ಜಾಗ. ಜ್ಞಾನಕ್ಕೇನೂ ಬರ ಇಲ್ಲ ಅಲ್ವಾ.

ಇಲ್ಲಿ ಐರ್ಲೆಂಡಿನಲ್ಲಿ ಟೀಗಾಸ್ಕ್ ಅಂತ ಸರ್ಕಾರಿ ಕೃಷಿ ಸಂಸ್ಥೆ ಇದೆ, ಅದರ ಮೂರ್‌ಪಾರ್ಕ್ ಕೇಂದ್ರ ನಾನಿರುವ ಕಾರ್ಕ್ ಜಿಲ್ಲೆಯಲ್ಲೇ, ಫರ್ಮಾಯ್ ಪಟ್ಟಣದ ಹತ್ತಿರ. ಅವರು 2013ರಲ್ಲಿ ಪಾಸ್ಚರ್‌ಬೇಸ್ ಅನ್ನುವ ದಾಖಲೆ ವ್ಯವಸ್ಥೆ ಶುರು ಮಾಡಿದರು. ರೈತ ತನ್ನ ಗದ್ದೆಯ ಹುಲ್ಲನ್ನು ಅಳೆದು ತಾನೇ ತುಂಬಿಸುತ್ತಾನೆ. ಸಂಶೋಧಕರ ಸಂಖ್ಯೆ ಮತ್ತು ರೈತನ ಸಂಖ್ಯೆ ಒಂದೇ ಭಾಷೆಯಲ್ಲಿ ಮಾತಾಡುವುದರಿಂದ ಪೇಟೆಯಲ್ಲಿ ಸಿಕ್ಕಾಗ "ನಿಂದು ಎಷ್ಟು ಬಂತು?" ಅಂತ ಮೇವಿನ ಬಗ್ಗೆ ಕೇಳುತ್ತಾರೆ, ನಮ್ಮವರು ಫ್ಯಾಟ್ ಕೇಳುವ ಹಾಗೇ.

ನಮ್ಮಲ್ಲಿ ಹಳ್ಳಿ ಹಳ್ಳಿಗೂ ಹಾಲಿನ ಸಂಘ ಇದೆ, ಯಂತ್ರ ಇದೆ, ಕಾರ್ಯದರ್ಶಿ ಇದ್ದಾರೆ. ಐರ್ಲೆಂಡಿನ ರೈತನ ಮನೆ ಪಕ್ಕ ಇಂಥ ಜಾಗ ಇಲ್ಲ. ಲೀಟರಿಗೆ ಇಷ್ಟು ಅಂತ ಪ್ರೋತ್ಸಾಹಧನ ಕೊಡುವ ಸರ್ಕಾರಕ್ಕೆ ಒಕ್ಕೂಟಕ್ಕೊಂದು ಮೇವು ಪರೀಕ್ಷಾ ಯಂತ್ರ ದೊಡ್ಡ ಖರ್ಚೇನಲ್ಲ. ಹಾಲಿನ ವಾಹನ ದಿನಾ ಊರಿಗೆ ಬಂದು ಹೋಗುತ್ತದೆ, ಅದರಲ್ಲೇ ಮೇವಿನ ಮಾದರಿಯ ಪೊಟ್ಟಣ ಹೋಗಬಹುದು. ಚೀಲದ ಮೇಲೆ ಒಣ ಅಂಶ, ಕೊಯ್ದ ತಾರೀಕು, ತೆನೆ ಇದೆಯೋ ಇಲ್ಲವೋ ಅಂತ ಅಚ್ಚಾಗಲೇಬೇಕು ಅಂತ ನಿಯಮ ಮಾಡಿದರೆ ಇನ್ನೂ ಒಳ್ಳೆಯದು. ಈ ಸಲ ಸಂಘದ ಮಹಾಸಭೆಯಲ್ಲಿ ಇದನ್ನು ಕೇಳು ಅಂತ ತಮ್ಮನಿಗೆ ಹೇಳಿದೆ. "ಅಣ್ಣ, ಅಲ್ಲಿ ಬೋನಸ್ ವಿಷಯ ಮುಗಿದರೆ ಸಾಕು, ಜನ ಊಟಕ್ಕೆ ಎದ್ದುಬಿಡ್ತಾರೆ" ಅಂದ. ಹಾಗಾದರೆ ಬೋನಸ್‌ಗಿಂತ ಮೊದಲೇ ಕೇಳು ಅಂದಿದ್ದೇನೆ.