ಸೂರಿನ ಹನಿ

ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಮೂರು ದಿನದಿಂದ ಬಿಡದೆ ಹೊಡೆಯುತ್ತಿತ್ತು. ನಾನು ಅಡುಗೆಮನೆಯ ದೀಪ ಆರಿಸಿ, ಅಮ್ಮ ಕೇಕ್ ಮಾಡುವ ಕಪ್ಪು ಟ್ರೇಗೆ ನೀರು ತುಂಬಿ, ಅದರ ಮೇಲೆ ಒಂದೊಂದೇ ಹನಿ ಬೀಳಿಸುತ್ತಾ ಫ್ಲಾಶ್ ಹೊಡೆದು ಫೋಟೊ ತೆಗೆಯುತ್ತಿದ್ದೆ.

"ಅಟ್ಟ ಸೋರುವುದು ಸಾಲದೆಂದು ಇಲ್ಲಿ ನೀನು ಬೇರೆಯೋ?" ಎಂದರು ಅಮ್ಮ.

ನ್ಯಾಯವಾದ ಪ್ರಶ್ನೆ. ಆದರೆ ಅಟ್ಟದ ಹನಿ ಹೇಳಿದ ಕಡೆ ಬೀಳುವುದಿಲ್ಲ. ಹಂಚಿನ ಸಂದಿಯಿಂದ ಹೊರಟು, ರೀಪಿನ ಗುಂಟ ನಡೆದು, ಎಲ್ಲಿ ಹಾಸಿಗೆ ಇದೆಯೋ ಅಲ್ಲೇ ಬೀಳುತ್ತದೆ. ಹೇಳಿದ ಮಾತು ಕೇಳುವ ಹನಿಗಾಗಿ ನಾನು ಪೇಟೆಯಿಂದ ಗ್ಲೂಕೋಸ್ ಏರಿಸುವ ಡ್ರಿಪ್ ಸೆಟ್ ತಂದಿದ್ದೆ. ಔಷಧಿ ಅಂಗಡಿಯವರು "ಮನೆಯಲ್ಲಿ ಯಾರಿಗೆ?" ಎಂದು ಮುಖ ಸಣ್ಣದು ಮಾಡಿಕೊಂಡರು. ಫೋಟೊಗೆ ಎಂದರೆ ನಂಬಲಿಲ್ಲ. ಸಂಜೆಯೊಳಗೆ ಅಜ್ಜ ಹಾಸಿಗೆ ಹಿಡಿದ ಸುದ್ದಿ ಊರೆಲ್ಲ ಹಬ್ಬಿ, ಪಕ್ಕದ ತೋಟದ ಮಾವ ಬ್ರೆಡ್ಡು ಹಿಡಿದುಕೊಂಡು ಬಂದರು. ಬ್ರೆಡ್ಡು ತಿನ್ನುತ್ತಿದ್ದ ಅಜ್ಜನನ್ನು ಅವರು ಕೇಳಿದ್ದು ಆರೋಗ್ಯವನ್ನಲ್ಲ. "ನಿಮ್ಮಲ್ಲಿ ಎಷ್ಟು ಬಂತು?"

ಕೊಡಗಿನಲ್ಲಿ ಇದಕ್ಕೆ ಮಳೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇಂಚು, ಸೆಂಟುಗಳಲ್ಲಿ ಉತ್ತರ ಕೊಡಬೇಕು. ನೂರು ಸೆಂಟಿಗೆ ಒಂದು ಇಂಚು. ನಾವು ಎಷ್ಟೇ ಹೇಳಲಿ, ಮಾವನದು ಇಪ್ಪತ್ತು ಸೆಂಟು ಹೆಚ್ಚು. ಕಕ್ಕಡದಲ್ಲಿ ಹೋಗಲಿ ಎನ್ನಬಹುದು, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯಲ್ಲಿ ಹೊಟ್ಟೆ ಉರಿಯುತ್ತದೆ. ರೊಬಸ್ಟಾ ಕಾಫಿ ಚೆನ್ನಾಗಿ ಅರಳಲು ಹತ್ತಿರ ಹತ್ತಿರ ಒಂದು ಇಂಚು ಬೇಕು. ನಮಗೆ ಎಂಬತ್ತು ಸೆಂಟು ಬಿದ್ದು ಮೊಗ್ಗು ಏನಾಗುವುದೋ ಎಂದು ಕುಳಿತಿರುವಾಗ ಬೇಲಿಯಾಚೆಯಿಂದ "ಸರಿಯಾಗಿ ಒಂದು!" ಎಂದು ಕೂಗು ಬರುತ್ತದೆ. ಒಂದು ಬೇಲಿಗೆ ಇಪ್ಪತ್ತು ಸೆಂಟು ವ್ಯತ್ಯಾಸ ಮಾಡುವ ಮೋಡ ಯಾವುದು? ಅವರು ಮದುವೆಗೆ ಹೋಗಿದ್ದ ದಿನ ನಾನು ನುಗ್ಗಿ ನೋಡಿಯೇ ಬಂದೆ. ಮಳೆಮಾಪಕ ಇರುವುದು ಕೊಟ್ಟಿಗೆಯ ಸೂರಿನಿಂದ ಒಂದೂವರೆ ಅಡಿ ದೂರದಲ್ಲಿ! ಸೂರಿನ ಹನಿಯೂ ಲೆಕ್ಕಕ್ಕೆ. ಇದನ್ನು ಹೇಳಿದರೆ, "ನಿಮ್ಮದು ಬಯಲಿನಲ್ಲಿದೆ, ಗಾಳಿಗೆ ನಿಮ್ಮ ಮಳೆ ಹಾರಿಹೋಗುತ್ತದೆ" ಎಂದರು. ಅದರಲ್ಲಿ ಸ್ವಲ್ಪ ಸತ್ಯವೂ ಇರುವುದು ಇನ್ನಷ್ಟು ಸಿಟ್ಟಿಗೆ ಕಾರಣ.

ಫೋಟೊದ ವಿಷಯಕ್ಕೆ ಬರುತ್ತೇನೆ. ಫ್ಲಾಶಿನ ಶಕ್ತಿಯನ್ನು ತೀರಾ ತಗ್ಗಿಸಿದರೆ ಬೆಳಕು ಸೆಕೆಂಡಿನ 20,000ದಲ್ಲಿ ಒಂದು ಪಾಲಿನಷ್ಟು ಹೊತ್ತು ಮಿನುಗುತ್ತದೆ. ಹನಿ ನಿಂತಂತೆ ಕಾಣುವುದು ಅದರಿಂದ. ಒಂದೂವರೆ ಅಡಿಯಿಂದ ಬೀಳುವ ಹನಿಗೆ ಸುಮಾರು 0.3 ಸೆಕೆಂಡು ಸಾಕು, ನನ್ನ ಬೆರಳಿಗೆ ಸಾಲದು. ಫ್ಲಾಶ್ ಬೆಳಕಿನಲ್ಲಿ ಕ್ಷಣಗಳನ್ನು ಹಿಡಿದ ಅಮೆರಿಕದ ಹೆರಾಲ್ಡ್ ಎಡ್ಗರ್ಟನ್ 1930ರ ದಶಕದಿಂದ ಹಾಲಿನ ಹನಿಯ ಬೆನ್ನು ಹತ್ತಿ, ಹನಿ ಬಿದ್ದಾಗ ಚಿಮ್ಮಿ ಏಳುವ, ಆ ಪ್ರಸಿದ್ಧ ಕೆಂಪು ಹಿನ್ನೆಲೆಯ ಕಿರೀಟವನ್ನು ಹಿಡಿದದ್ದು 1957ರಲ್ಲಿ. ಅವರ ಅಮ್ಮನಿಗೆ ಟ್ರೇ ಬೇಕಾಗಿತ್ತೋ ಇಲ್ಲವೋ, ನಮ್ಮ ಅಮ್ಮನಿಗೆ ಸಂಜೆ ಐದಕ್ಕೆ ಬೇಕಾಗಿತ್ತು.

312 ಚಿತ್ರಗಳಲ್ಲಿ ಹೆಚ್ಚಿನವು ಖಾಲಿ ಅಲೆ, ಕೆಲವು ಡ್ರಿಪ್ಪಿನ ಮೂತಿ, ಒಂದರಲ್ಲಿ ಬೆಕ್ಕು. ಒಂದೇ ಒಂದರಲ್ಲಿ ಕಿರೀಟ ಎದ್ದಿದೆ: ಅಂಚಿನ ಮುತ್ತುಗಳು ಬಿಡಿಬಿಡಿಯಾಗಿ ಎಣಿಸಲು ಬರುವಷ್ಟು ಸ್ಪಷ್ಟ. ಆದರೆ ಅದು ಟ್ರೇಯ ಮೂಲೆಯಲ್ಲಿದೆ. ನನ್ನ ಹನಿ ಇನ್ನೂ ಡ್ರಿಪ್ಪಿನ ತುದಿಯಲ್ಲೇ ನೇತಾಡುತ್ತಿದೆ. ತಲೆಯೆತ್ತಿದರೆ ಅಡುಗೆಮನೆಯ ರೀಪೂ ಒದ್ದೆ.

ಚಿತ್ರ ಚೆನ್ನಾಗಿದೆ. ಮಾವನಿಗೆ ಮಾತ್ರ ಇನ್ನೂ ತೋರಿಸಿಲ್ಲ. "ನೋಡು, ನಿನ್ನ ಲೆಕ್ಕಕ್ಕೂ ಸೂರಿನ ಹನಿ ಸೇರಿದೆ" ಎಂದುಬಿಟ್ಟಾರು.